ಕರಿಯ ಕ್ಯಾಮೆರಾ ಕಡೆ ನೋಡೋದು ಬೇಡಕ್ಕ

ಏನಕ್ಕ, ಆಗಲೇ ಮೊರದ ತುಂಬ ಅವರೆಕಾಯಿ ಹಾಕ್ಕೊಂಡು ಕೂತುಬಿಟ್ಟಿದ್ದೀರ. ಒಂದೆರಡು ಬೊಗಸೆ ಈ ಕಡೆ ಸುರೀರಿ, ಬೇಲಿ ಈಚೆಯಿಂದಾನೇ ಸುಲಿದು ಕೊಡ್ತೀನಿ. ನಿಮ್ಮ ಹತ್ರ ಮಾತಾಡೋದೂ ಒಂದಿತ್ತು. ನಿಮ್ಮ ಮಗ ಬೆಂಗಳೂರಿಂದ ಫೋನ್ ಮಾಡಿದ್ದ. ಸಂಕ್ರಾಂತಿಗೆ ಹೆಂಡ್ತಿ ಮಕ್ಕಳ ಸಮೇತ ಬರ್ತಾನಂತೆ, ಮನೆಯವರೆಲ್ಲ ಸೇರಿ ನಿಮ್ಮ ನಾಯಿ ಕರಿಯನ ಜತೆ ಒಂದು ಫೋಟೋ ತೆಗೆಸ್ಕೋಬೇಕಂತೆ. ಮೊಮ್ಮಗಳು ಮಧ್ಯದಲ್ಲಿ ಫೋನ್ ಕಿತ್ಕೊಂಡು, 'ಚಾರ್ಲಿ ಸಿನಿಮಾದ ಥರ ಬರ್ಬೇಕು ಮಾಮ, ಕರಿಯ ನೇರ ಕ್ಯಾಮೆರಾನೇ ನೋಡ್ಬೇಕು' ಅಂದ್ಲು.

ಕೇಳಿ ಮನಸ್ಸು ತುಂಬಿತು ಅಕ್ಕ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಫೋಟೋ ತೆಗೆಯೋಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಷ್ಟೂ ಕಡೆ ಸುತ್ತಿದ್ದೀನಿ. ನಾಯಿ ಇಲ್ಲದ ತೋಟದ ಮನೆ ಕಂಡಿದ್ದು ಅಪರೂಪ. ಆದ್ರೆ ಗೋಡೆ ಮೇಲಿರೋ ಫೋಟೋದಲ್ಲಿ ನಾಯಿ ಇರೋ ಮನೆ ಅದಕ್ಕಿಂತ ಅಪರೂಪ. ಹಳೇ ಗ್ರೂಪ್ ಫೋಟೋಗಳನ್ನ ಹತ್ತಿರದಿಂದ ನೋಡಿದ್ರೆ ಒಂದೊಂದರಲ್ಲಿ ಮೂಲೇಲಿ ಅರ್ಧ ಮೈ ಕಾಣ್ಸುತ್ತೆ. ಆಗಿನ ಸ್ಟ್ಯಾಂಡ್ ಕ್ಯಾಮೆರಾಗೆ ಜನ ಉಸಿರು ಬಿಗಿಹಿಡಿದು ನಿಂತಿರೋರು, ನಾಯಿಗೆ ಆ ಕಟ್ಟುಪಾಡು ಇರಲಿಲ್ಲ, ಬಾಲ ಅಲ್ಲಾಡಿ ಮಸುಕಾಗಿಬಿಟ್ಟಿರುತ್ತೆ. ಪೇಟ ಕಟ್ಕೊಂಡು ಸೆಟೆದು ಕೂತ ಹಿರಿಯರ ನಡುವೆ ಆ ಮಸುಕು ಬಾಲ ಒಂದೇ ಜೀವಂತವಾಗಿರುತ್ತೆ. ನನಗಂತೂ ಅಂಥ ಫೋಟೋ ಕಂಡ್ರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಈಗ ಪರಿಸ್ಥಿತಿ ಬದಲಾಗಿದೆ. ನಾಯಿನ ಫೋಟೋಗೆ ಕರೀತಾರೆ. ಆದ್ರೆ ಹೆಂಗೆ? ಬೆಳಿಗ್ಗೆನೇ ಶಾಂಪೂ ಹಾಕಿ ತೊಳ್ದು, ಕತ್ತಿಗೆ ಕೆಂಪು ಬೋ ಕಟ್ಟಿ, ಹುಟ್ಟಿದಾಗಿನಿಂದ ಹೊಸ್ತಿಲು ದಾಟದೇ ಇರೋದನ್ನ ಎತ್ಕೊಂಡು ಹೋಗಿ ಹಾಲ್‌ನಲ್ಲಿ ಸೋಫಾ ಮೇಲೆ ಕೂರಿಸ್ತಾರೆ. ಒಬ್ರು ಕತ್ತು ತಬ್ಕೊಳ್ತಾರೆ, ಇನ್ನೊಬ್ರು ದವಡೆ ಹಿಡಿದು ಮುಖಾನ ಕ್ಯಾಮೆರಾ ಕಡೆ ತಿರುಗಿಸ್ತಾರೆ, ನನ್ನ ಬೆನ್ನ ಹಿಂದೆ ನಾಲ್ಕು ಜನ ಒಟ್ಟಿಗೆ ಅದರ ಹೆಸರು ಕೂಗ್ತಾರೆ. ಆ ಫೋಟೋದಲ್ಲಿ ಮನುಷ್ಯರೆಲ್ಲ ನಗ್ತಿರ್ತಾರೆ. ನಾಯಿ ಮಾತ್ರ ಕಿವಿ ಹಿಂದಕ್ಕೆ ಒತ್ಕೊಂಡು, ನಾಲಿಗೇಲಿ ಮೂತಿ ಸವರ್ಕೊಂಡು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡ್ತಿರುತ್ತೆ. 'ನೋಡಿ, ಆಕಳಿಸ್ತಿದೆ, ನಿದ್ದೆ ಬಂತು ಪಾಪ' ಅಂತಾರೆ. ನಿದ್ದೆ ಅಲ್ಲಕ್ಕ ಅದು. ದಿಗಿಲಾದಾಗ, ಇರಸುಮುರಸಾದಾಗ ನಾಯಿ ಆಕಳಿಸುತ್ತೆ. ಕತ್ತು ತಬ್ಬಿದ್ರೆ ನಮಗೆ ಪ್ರೀತಿ, ಬಹಳಷ್ಟು ನಾಯಿಗಳಿಗೆ ಅದು ಸಿಕ್ಕಿಹಾಕ್ಕೊಂಡ ಹಾಗೆ. ಚಿಕ್ಕ ಮಕ್ಕಳನ್ನ ನಾಯಿ ಬೆನ್ನ ಮೇಲೆ ಕೂರಿಸೋದು, ಮುಖಕ್ಕೆ ಮುಖ ಇಟ್ಟು ಮುತ್ತು ಕೊಡ್ಸೋದು ನಾನು ಯಾರಿಗೂ ಮಾಡಿಸಲ್ಲ. ಎಷ್ಟೇ ಸಾಧು ಆದ್ರೂ, ಈ ಸೂಚನೆಗಳನ್ನ ನಾವು ನೋಡದೇ ಹೋದ್ರೆ ಬೇಡ ಅಂತ ಹೇಳೋಕೆ ಅದಕ್ಕೆ ಉಳಿಯೋದು ಹಲ್ಲೊಂದೇ. ಕರಿಯನಿಗೆ ಈ ವರ್ಷದ ರೇಬಿಸ್ ಇಂಜೆಕ್ಷನ್ ಪಶು ಆಸ್ಪತ್ರೇಲಿ ಹಾಕಿಸಿದ್ದೀರಿ ತಾನೆ? ಸರಿ ಹಾಗಾದ್ರೆ.

ನಿಮ್ಮ ಮೊಮ್ಮಗಳ ಮಾತಿಗೆ ಬರ್ತೀನಿ. ನಾಯಿ ಕ್ಯಾಮೆರಾ ನೋಡ್ಬೇಕು ಅನ್ನೋದು ನಮ್ಮ ಆಸೆ, ನಾಯೀದಲ್ಲ. '777 ಚಾರ್ಲಿ' 2022ರಲ್ಲಿ ಬಂತಲ್ಲ, ಕಾಸರಗೋಡಿನ ಕಿರಣ್‌ರಾಜ್ ಮಾಡಿದ್ದು, ರಾಷ್ಟ್ರಪ್ರಶಸ್ತೀನೂ ಬಂತು. ಅಂಥ ಸಿನಿಮಾಗಳಲ್ಲಿ ನಾಯಿ ನಿಮ್ಮನ್ನೇ ನೋಡಿದ ಹಾಗೆ ಅನ್ನಿಸಿದ್ರೆ ಕ್ಯಾಮೆರಾ ಪಕ್ಕದಲ್ಲಿ ಅದನ್ನ ಪಳಗಿಸಿದೋರು ನಿಂತಿರ್ತಾರೆ. ಅದು ನೋಡೋದು ಅವರನ್ನ. ನಾಯಿಗೆ ಗಾಜಿನ ಜತೆ ಏನು ನೆಂಟಸ್ತನ?

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಕೋಲಾರದ ಸೀತಿ ಬೆಟ್ಟಕ್ಕೆ ಹೋಗಿದ್ದೀರಲ್ಲ, ಭೈರವೇಶ್ವರನ ಸನ್ನಿಧಿಗೆ. ಭೈರವನ ವಾಹನ ನಾಯಿ. ಇನ್ನು ಹೊಯ್ಸಳರ ಗುಡಿಗಳಲ್ಲಿ ಭೈರವನ ವಿಗ್ರಹ ನಿಧಾನವಾಗಿ ನೋಡಿ. ಕೈಯಲ್ಲಿ ರುಂಡ ಹಿಡಿದಿರ್ತಾನೆ, ಕಾಲ ಹತ್ರ ನಾಯಿ ಕತ್ತೆತ್ತಿ ಆ ರುಂಡದಿಂದ ಇಳಿಯೋ ಹನಿಗೆ ಮೂತಿ ಒಡ್ಡಿರುತ್ತೆ. ಎದುರಿಗೆ ಕೈಮುಗಿದು ನಿಂತ ನಮ್ಮನ್ನ ಅದು ಕಣ್ಣೆತ್ತೀನೂ ನೋಡಲ್ಲ, ಯಜಮಾನನ ಕೈಯನ್ನೇ ನೋಡ್ತಿರುತ್ತೆ. ಆ ಶಿಲ್ಪಿ ತನ್ನ ಮನೆ ಮುಂದೆ ಊಟದ ಹೊತ್ತಿಗೆ ನಾಯಿ ಹೆಂಗೆ ಕತ್ತೆತ್ತುತ್ತೆ ಅಂತ ನೋಡಿದ್ದವನೇ ಇರಬೇಕು. ಇಲ್ಲದಿದ್ರೆ ಆ ಕತ್ತಿನ ನರದ ಬಿಗಿ ಕಲ್ಲಲ್ಲಿ ಬರೋದು ಹೆಂಗೆ?

ನಿಮ್ಮತ್ತೆ ಕಾಲದ ಗ್ರಾಮಫೋನ್ ಪ್ಲೇಟಿನ ಮೇಲಿದ್ದ ನಾಯಿ ಜ್ಞಾಪಕ ಇದೆಯಾ, ಎಚ್‌ಎಂವಿ ನಾಯಿ? ಅದು ನಿಜವಾಗಿ ಬದುಕಿದ್ದ ನಾಯಿ ಅಕ್ಕ. ನಿಪ್ಪರ್ ಅಂತ ಹೆಸರು, ಇಂಗ್ಲೆಂಡಿನದು. ಸಾಕಿದವರು ತೀರ್ಕೊಂಡ ಮೇಲೆ ಅವರ ತಮ್ಮ ಫ್ರಾನ್ಸಿಸ್ ಬರಾಡ್ ನೋಡ್ಕೊಂಡ. ಅವನು ಚಿತ್ರಗಾರ. ನಾಯಿ 1895ರಲ್ಲಿ ಸತ್ತುಹೋಯ್ತು, ಚಿತ್ರ ಬರೆದಿದ್ದು ಅದಾದ ಮೇಲೆ, 1898ರಲ್ಲಿ. ಅದರಲ್ಲೂ ನಾಯಿ ನಮ್ಮನ್ನ ನೋಡಲ್ಲ. ಕತ್ತು ಒಂದು ಕಡೆ ವಾಲಿಸ್ಕೊಂಡು ಗ್ರಾಮಫೋನ್ ಕೊಳವೆ ಕಡೆ ಕಿವಿಗೊಟ್ಟಿರುತ್ತೆ. ಆ ವಾಲಿದ ಕತ್ತೊಂದೇ ಆ ಚಿತ್ರಾನ ಊರೂರಿಗೆ ಕರ್ಕೊಂಡು ಬಂದಿದ್ದು.

ಇದಕ್ಕಿಂತ ಹಳೇದು ನಮ್ಮಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ, ಮೊಮ್ಮಗಳನ್ನ ಕರ್ಕೊಂಡು ಹೋಗಿ ತೋರ್ಸೋಕೆ ಮಗನಿಗೆ ಹೇಳಿ. ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ, ರಾಷ್ಟ್ರಕೂಟರು ಗೆದ್ರು. ಗಂಗರ ಬೂತುಗ ಅವರ ಕಡೆ ಇದ್ದ. ಬೂತುಗನ ಕಡೆಯ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಾಡಿದ್ನಂತೆ. 'ಏನು ಬೇಕು ಕೇಳು' ಅಂದ್ರೆ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೊಡಿ ಅಂದ! ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿ ಜತೆ ಹೋರಾಡಿ, ಎರಡೂ ಸತ್ತವು. ಮಣಲೇರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ್ರೆ ನಾಯಿ ಮಾಡಿದ ಪಾಪ ನಿನಗೆ ತಟ್ಟುತ್ತೆ ಅಂತ ಪೂಜಾರಿಗೆ ಎಚ್ಚರಿಕೆ ಬೇರೆ ಬರೆಸಿದಾನೆ. ಕಲ್ಲಿನ ಮೇಲೆ ನಾಯಿ, ಹಂದಿ ಎದುರಾಬದುರು ಕಚ್ಚಾಡ್ತಿವೆ. ತನ್ನ ನಾಯಿ ಏನಾಗಿತ್ತೋ ಅದನ್ನೇ ಕೆತ್ತಿಸಿದಾನೆ ಮಹಾರಾಯ, ಅಲಂಕಾರ ಮಾಡಿ ಕೂರಿಸಿಲ್ಲ. ನಮ್ಮ ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯಲ್ಲೂ ಹಂದಿಬೇಟೆ ನಾಯಿಗೆ ನಿಲ್ಲಿಸಿದ ಕಲ್ಲಿದೆ. ಅಂದ್ರೆ ನಾಯಿ ಜ್ಞಾಪಕ ಉಳಿಸ್ಕೊಳ್ಳೋ ಆಸೆ ನಿಮ್ಮ ಮಗನಿಗೆ ಬೆಂಗಳೂರಿನಲ್ಲಿ ಹತ್ತಿದ್ದಲ್ಲ. ಈ ನೆಲದಲ್ಲಿ ಸಾವಿರ ವರ್ಷದಿಂದ ಇರೋದೇ.

'ಹಂಗಾದ್ರೆ ಫೋಟೋದಲ್ಲಿ ಯಾರು ಯಾರನ್ನ ನೋಡ್ಬೇಕಪ್ಪ?' ಅಂತೀರ. ನಾಯಿ ತಾನು ನಂಬಿರೋರನ್ನ ನೋಡ್ಲಿ, ಅವರು ನಾಯಿನ ನೋಡ್ಲಿ. ಇದಕ್ಕೆ ವಿಜ್ಞಾನದವರ ಸಾಕ್ಷೀನೂ ಇದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 'ಸೈನ್ಸ್' ಪತ್ರಿಕೇಲಿ ಬರೆದ್ರು. ಸಾಕಿದವರೂ ನಾಯೀನೂ ಒಬ್ಬರನ್ನೊಬ್ಬರು ಬಹಳ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಏರುತ್ತಂತೆ. ತಾಯಿ ಮಗುನ ಎದೆಗೆ ಹಾಕ್ಕೊಂಡಾಗ ಏರೋದೂ ಅದೇ. ಕೈಯಾರೆ ಸಾಕಿದ ತೋಳಗಳಲ್ಲಿ ಇದು ಕಾಣಲಿಲ್ಲ. ಆ ನೋಟ ಫೋಟೋದಲ್ಲಿ ಬಂತು ಅಂದ್ರೆ ಬೇರೆ ಏನೂ ಬೇಡ. ಅದು ಕರೆದ್ರೆ ಬರೋದಲ್ಲ. ಕಾಯ್ಬೇಕು.

ಶ್ರೀನಿವಾಸಪುರದ ಕಡೆ ಮಾವಿನ ತೋಪಿನಲ್ಲಿ ತೆಗೆದ ಒಂದು ಫೋಟೋ ನನ್ನ ಹತ್ರ ಇದೆ, ನಿಮಗೆ ತೋರಿಸ್ತೀನಿ. ಫಲ ಗುತ್ತಿಗೆಗೆ ಕೊಟ್ಟ ತೋಪು, ಕಾಯಿ ಬಲಿಯೋ ಕಾಲ, ಕಾವಲಿಗೆ ಗರಿ ಗುಡಿಸಲು ಹಾಕ್ಕೊಂಡು ಗಂಡ, ಹೆಂಡ್ತಿ, ಒಬ್ಬ ಹುಡುಗ ಅಲ್ಲೇ ಇದ್ರು. ಒಂದು ಬೂದು ಬಣ್ಣದ ನಾಯಿ. ಫೋಟೋ ಅಂತ ಕೇಳಿದ ಕೂಡಲೇ ಮೂರೂ ಜನ ಸಾಲಾಗಿ ಕೈಕಟ್ಟಿ ನಿಂತುಬಿಟ್ರು, ನಾಯಿ ಎದ್ದು ಗುಡಿಸಲ ಹಿಂದಕ್ಕೆ ಹೋಯ್ತು. ನಾನು ಕ್ಯಾಮೆರಾ ತೊಡೆ ಮೇಲಿಟ್ಕೊಂಡು ಮಳೆ ಬೆಳೆ ವಿಚಾರ ಮಾತಾಡ್ತಾ ಕೂತೆ. ಅವರ ಕೈಕಾಲು ಸಡಿಲವಾಯ್ತು, ಆಯಮ್ಮ ಒಲೆ ಹತ್ರ ಹೋದ್ರು, ನಾಯಿ ವಾಪಸ್ ಬಂದು ಗಂಡಸಿನ ಮೊಣಕಾಲಿಗೆ ಬೆನ್ನು ಒರಗಿಸ್ಕೊಂಡು ಕೂತ್ಕೊಂಡ್ತು. ಅಷ್ಟರಲ್ಲಿ ತೋಪಿನ ಆಚೆ ತುದೀಲಿ ಕೊಂಬೆ ಅಲ್ಲಾಡಿದ ಸದ್ದು, ಕೋತಿ. ಆ ಮನುಷ್ಯ, ಆ ಹುಡುಗ, ಆ ನಾಯಿ, ಮೂರೂ ಕತ್ತು ಒಂದೇ ಸಲಕ್ಕೆ ಒಂದೇ ಕಡೆ ತಿರುಗಿದವು! ತೆಗೆದುಬಿಟ್ಟೆ. ಅದರಲ್ಲಿ ಯಾರೂ ಯಾರನ್ನೂ ಮುಟ್ಟಿ ಮುದ್ದಾಡ್ತಿಲ್ಲ. ಆದ್ರೆ ಮೂರು ಜನಕ್ಕೂ ಒಂದೇ ಕೆಲಸ, ಒಂದೇ ಭಯ, ಒಂದೇ ಕಾವಲು ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತೆ. ತಬ್ಕೊಂಡ ಫೋಟೋಗಿಂತ ನಾನು ಇದನ್ನೇ ಹೆಚ್ಚು ಅಂತೀನಿ.

ಮುಳಬಾಗಿಲ ಕಡೆ ಹಳ್ಳಿಗಳಲ್ಲಿ ಬೆಳಗಿನ ಡೇರಿ ಹೊತ್ತು ನೋಡಿ. ಹಾಲಿನ ಕ್ಯಾನ್ ಹಿಡಿದು ಹೆಂಗಸರು ಬರ್ತಾರೆ, ಹಿಂದೆ ಅವರವರ ನಾಯಿ. ಡೇರಿ ಬಾಗಿಲ ಒಳಗೆ ಬರಬಾರದು ಅಂತ ಅದಕ್ಕೆ ಗೊತ್ತು, ಅಲ್ಲೇ ಕೂತಿರುತ್ತೆ. ಫ್ಯಾಟ್ ನೋಡಿಸಿ ಚೀಟಿ ಬರೆಸ್ಕೊಂಡು ಹೊರಗೆ ಬರೋ ಅಷ್ಟೂ ಜನರ ಮುಖ ನೋಡ್ತಾ, ತನ್ನವರು ಬಂದ ಕೂಡಲೇ ಏಳುತ್ತೆ. 'ರಾರಾ' ಅಂತ ತೆಲುಗಲ್ಲಿ ಕರೀತಾರೆ, ದಾರೀಲಿ ಕನ್ನಡದಲ್ಲಿ ಬೈತಾರೆ, ಅದಕ್ಕೆ ಎರಡೂ ತಿಳಿಯುತ್ತೆ. ಅದು ಎದ್ದು ನಿಲ್ಲೋ ಆ ಗಳಿಗೇನೇ ಫೋಟೋ. ಮಾಲೂರಲ್ಲಿ ಇಟ್ಟಿಗೆ ಗೂಡುಗಳ ಹತ್ರ ಚಳಿಗಾಲದಲ್ಲಿ ನಾಯಿ, ಕೆಲಸದೋರ ಮಕ್ಕಳು ಒಂದೇ ಬೆಚ್ಚಗಿನ ಗೋಡೆಗೆ ಒರಗಿರೋದನ್ನ ನೋಡಿದ್ದೀನಿ. ಕೇಳಿಕೊಂಡೇ ತೆಗೆದೆ, ಪ್ರಿಂಟ್ ಹಾಕಿ ಕೊಟ್ಟೆ. ಯಾರ ಮನೆ ಮಕ್ಕಳಾದ್ರೂ ಕೇಳದೆ ತೆಗೀಬಾರದು.

ನಿಮ್ಮ ಕರಿಯನ ವಿಚಾರ ಹೇಳ್ತೀನಿ ಕೇಳಿ. ಕರಿ ನಾಯಿ ಫೋಟೋ ಕಷ್ಟ ಅಂತ ಎಲ್ಲರೂ ಅಂತಾರೆ, ಸುಮಾರು ಮಟ್ಟಿಗೆ ನಿಜ. ನಿಮ್ಮ ಸುಣ್ಣದ ಗೋಡೆ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ರೆ ಫೋನು ಗೋಡೆ ಬೆಳಕಿಗೆ ಹೊಂದ್ಕೊಂಡುಬಿಡುತ್ತೆ, ಕರಿಯ ಬರೀ ಕಪ್ಪು ಆಕಾರ ಆಗ್ತಾನೆ, ಕಣ್ಣು ಎಲ್ಲಿದೆ ಅಂತ ಹುಡುಕ್ಬೇಕು. ಅವನನ್ನ ನೆರಳಿನ ಅಂಚಿನಲ್ಲಿ ಕೂರಿಸಿ, ಮುಖ ಬಯಲ ಕಡೆ ಇರಲಿ, ಆಗ ಆಕಾಶದ ಬೆಳಕು ಕಣ್ಣಲ್ಲಿ ಒಂದು ಚುಕ್ಕೆಯಾಗಿ ಕೂರುತ್ತೆ. ಮಗ ಫೋನಲ್ಲಿ ತೆಗೆಯೋದಾದ್ರೆ ಪರದೆ ಮೇಲೆ ಕರಿಯನ ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸ್ಕೊಳ್ಳಲಿ. ತೋಪಿನ ಒಳಗೆ ಮಾತ್ರ ಕರ್ಕೊಂಡು ಹೋಗ್ಬೇಡಿ. ಎಲೆ ಸಂದಿಯಿಂದ ಬಿದ್ದ ಬಿಸಿಲು ಎಲ್ಲರ ಮುಖದ ಮೇಲೂ ಚುಕ್ಕೆ ಚುಕ್ಕೆ ಆಗುತ್ತೆ. ಫ್ಲಾಶ್ ಬೇಡವೇ ಬೇಡ. ನಾಯಿ ಕಣ್ಣಿನ ಹಿಂದೆ ಬೆಳಕನ್ನ ವಾಪಸ್ ಕಳಿಸೋ ಒಂದು ಪದರ ಇದೆ, ರಾತ್ರಿ ಲಾರಿ ಲೈಟಿಗೆ ಹೊಳೆಯುತ್ತಲ್ಲ, ಅದೇ. ಫೋಟೋದಲ್ಲಿ ಹಸಿರಾಗಿ ಉರಿಯುತ್ತೆ, ಅವನಿಗೂ ಕಣ್ಣು ಕುಕ್ಕುತ್ತೆ. ಅವನು ಓಡ್ತಿದ್ರೆ ನಾನು ಶಟರ್ ವೇಗಾನ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನಕ್ಕೆ ಇಳಿಸಲ್ಲ.

ಇನ್ನೊಂದು, ನಾನು ನೆಲದ ಮೇಲೆ ಬೋರಲು ಮಲಗಿದ್ರೆ ನೀವೆಲ್ಲ ಗಾಬರಿಯಾಗ್ಬೇಡಿ. ನಿಂತು ತೆಗೆದ್ರೆ ನಾಯಿ ನೆತ್ತಿ ಬೆನ್ನು ಅಷ್ಟೇ ಬರೋದು. ಎಲಿಯಟ್ ಅರ್ವಿಟ್ ಅಂತ ಅಮೆರಿಕದ ಫೋಟೋಗ್ರಾಫರ್ ಇದ್ದ, 2023ರಲ್ಲಿ ತೀರ್ಕೊಂಡ, ಜೀವನವಿಡೀ ನಾಯಿ ಫೋಟೋ ತೆಗೆದ. ನ್ಯೂಯಾರ್ಕಿನಲ್ಲಿ 1974ರಲ್ಲಿ ತೆಗೆದದ್ದೊಂದಿದೆ. ಒಂದು ಪುಟಾಣಿ ನಾಯಿ ಟೋಪಿ ಹಾಕ್ಕೊಂಡು ನಿಂತಿದೆ, ಪಕ್ಕದಲ್ಲಿ ಹೆಂಗಸಿನ ಬೂಟು, ಅದರ ಪಕ್ಕ ಎತ್ತರದ ಇನ್ನೊಂದು ನಾಯಿಯ ಎರಡು ಕಾಲು. ಅಷ್ಟೇ, ಆ ಪುಟಾಣೀದು ಬಿಟ್ರೆ ಬೇರೆ ಯಾರ ಮುಖವೂ ಇಲ್ಲ. ಕ್ಯಾಮೆರಾ ಆ ಪುಟಾಣಿಯ ಎತ್ತರಕ್ಕೆ ಇಳಿದಿದ್ದರಿಂದ ನಮ್ಮ ಲೋಕ ಅದಕ್ಕೆ ಹೆಂಗೆ ಕಾಣುತ್ತೆ ಅಂತ ನಮಗೂ ಕಂಡ್ತು. ಮನೆಯವರಿಗೂ ನಾನು ಹೇಳೋದು ಇಷ್ಟೇ: ನಾಯಿನ ಕುರ್ಚಿಗೆ ಹತ್ತಿಸ್ಬೇಡಿ, ನೀವು ಜಗಲಿಗೆ ಇಳೀರಿ. ಕರಿಯನ ಜಾಗ ಜಗಲಿ. ಮಳೆಗಾಲದಲ್ಲಿ ಗೋಣಿಚೀಲದ ಮೇಲೆ, ಬೇಸಿಗೇಲಿ ನೀರಿನ ಡ್ರಮ್ಮಿನ ಪಕ್ಕ ಮಲಗಿ ಅಲ್ಲಿ ನೆಲವೇ ನುಣುಪಾಗಿದೆ ನೋಡಿ. ಆ ನುಣುಪು ಫೋಟೋದಲ್ಲಿ ಬರಬೇಕು ನನಗೆ.

ಫೋಟೋಗೆ ಮುಂಚೆ ಕರಿಯನಿಗೆ ಶಾಂಪೂ ಬೇಡ, ಅದಕ್ಕೂ ಕಾರಣ ಇದೆ. ವಾಸನೆ ಬದಲಾದ್ರೆ ಮೈ ಉಜ್ಜಿಕೊಂಡು ಮಣ್ಣಲ್ಲಿ ಹೊರಳಾಡ್ತಾನೆ, ಆ ದಿನವೆಲ್ಲ ಅವನ ಮನಸ್ಸು ಅದರಲ್ಲೇ. ಇನ್ನು ಮೊಮ್ಮಗ ಹೊಸ ಕೆಂಪು ಚೆಂಡು ತರ್ತಾನಂತೆ. ನಾಯಿಗೆ ಕಾಣೋದು ನೀಲಿ, ಹಳದಿ. ಹಸಿರು ಹುಲ್ಲಲ್ಲಿ ಕೆಂಪು ಚೆಂಡು ಅದರ ಕಣ್ಣಿಗೆ ಬೇರೆಯಾಗಿ ಕಾಣಲ್ಲ. ಹಳದಿ ಅಥವಾ ನೀಲಿ ತರೋಕೆ ಹೇಳಿ, ಮಗುವಿಗೂ ನಾಯಿಗೂ ಆಟ ಕೂಡುತ್ತೆ. ಆಡ್ತಾ ಆಡ್ತಾ ಇಬ್ಬರೂ ನನ್ನ ಮರೆತಾಗ ನಾನು ತೆಗೀತೀನಿ.

ಈಗ ನಿಮಗೆ ಇಷ್ಟವಾಗುತ್ತೋ ಇಲ್ವೋ, ಒಂದು ಮಾತು ಹೇಳ್ತೀನಿ. ಮಗ ಹೇಳಿದ ಪಟ್ಟೀಲಿ ಅವನು, ಸೊಸೆ, ಮಕ್ಕಳು, ನೀವು, ನಿಮ್ಮ ಯಜಮಾನ್ರು ಅಷ್ಟೇ ಇದ್ರಿ. ನಿಮ್ಮತ್ತೆ ಹೆಸರಿಲ್ಲ. ದಿನಾ ಮಧ್ಯಾಹ್ನ ಈ ಬೇಲಿ ಪಕ್ಕದಿಂದ ನಾನು ನೋಡ್ತೀನಲ್ಲ ಅಕ್ಕ. ಅಜ್ಜಿ ತಟ್ಟೆ ಹಿಡ್ಕೊಂಡು ಜಗಲಿಗೆ ಬರ್ತಾರೆ, ತಮ್ಮ ಮುದ್ದೇಲಿ ಒಂದು ಉಂಡೆ ಮುರಿದು, ಸಾರಲ್ಲಿ ಅದ್ದದೆ ಹಾಗೇ ಆರಿಸಿ, ನಿಂಬೆಗಾತ್ರ ಮಾಡಿ ಒಂದೊಂದೇ ಹಾಕ್ತಾರೆ. ಕರಿಯ ಉಂಡೆ ನೋಡಲ್ಲ, ಅವರ ಮುಖ ನೋಡ್ತಾನೆ. ಅವರು 'ಊಂ' ಅಂದ ಮೇಲೇನೇ ಬಾಯಿ ಹಾಕೋದು. ಅಜ್ಜಿಗೆ ಈಗ ಕಣ್ಣು ಮಂಜು, ಬಚ್ಚಲಿಗೆ ಹೋಗ್ಬೇಕಾದ್ರೆ ಅವನು ಎರಡು ಹೆಜ್ಜೆ ಮುಂದೆ ಹೋಗಿ ನಿಂತು ತಿರುಗಿ ನೋಡ್ತಾನೆ, ಅವರು ಬಂದ ಮೇಲೆ ಮತ್ತೆ ಎರಡು ಹೆಜ್ಜೆ. ನೀವು ಒಳಗೆ ಕೆಲಸದಲ್ಲಿರ್ತೀರ, ನಿಮಗೆ ಕಾಣಲ್ಲ. ನಾಯಿಯ ಫೋಟೋ ತೆಗೆಯೋಕೆ ಹೋದೋನು ಮೊದಲು ಕೇಳ್ಬೇಕಾದ ಪ್ರಶ್ನೆ ಇದೇ, ಇದಕ್ಕೆ ಅನ್ನ ಹಾಕೋರು ಯಾರು ಅಂತ. ದುಡ್ಡು ಕೊಟ್ಟು ತಂದೋರು ಆಮೇಲೆ.

'ಅವರು ಫೋಟೋ ಗೀಟೋ ಬೇಡ ಅಂತಾರಪ್ಪ, ಈ ವಯಸ್ಸಲ್ಲಿ ಯಾಕೆ ಅಂತಾರೆ' ಅಂತೀರ. ಅವರ ಫೋಟೋ ಅಂದ್ರೆ ಬೇಡ ಅಂತಾರೆ. ಕರಿಯಂದು ತೆಗೀಬೇಕು, ನೀವಿಲ್ಲದಿದ್ರೆ ಅವನು ಕೂರಲ್ಲ ಅಂತ ಹೇಳಿ ನೋಡಿ, ಅದು ನಿಜಾನೂ ಹೌದು. ಹೊಸ ಸೀರೆ ಉಡಿಸ್ಬೇಡಿ, ಅವನು ಗುರುತು ಹಿಡಿಯೋ ಆ ಹಳೇ ನೂಲಿನ ಸೀರೇನೇ ಇರಲಿ. ಅವರು ಜಗಲಿ ಮೇಲೆ ತಮ್ಮ ಮಾಮೂಲಿ ಕಂಬಕ್ಕೆ ಒರಗಲಿ. ಮಿಕ್ಕೋರೆಲ್ಲ ಅವರ ಸುತ್ತ ಎಲ್ಲಿ ಕೂರ್ತಾರೋ ಕೂರಲಿ, ನಾನು ಸಾಲು ಮಾಡಿಸಲ್ಲ. ಮಕ್ಕಳು ಕೆಳಗಿನ ಮೆಟ್ಟಲಿಗೆ ಬಂದ್ರೆ ಒಳ್ಳೇದು.

ಹಬ್ಬದ ಸಂಜೆ ಬೇಡ. ದನಕ್ಕೆ ಕಿಚ್ಚು ಹಾಯಿಸೋ ಹೊತ್ತಿಗೆ ಊರೆಲ್ಲ ಗದ್ದಲ, ಬೆಂಕಿ, ಕರಿಯ ಕಣಜದ ಸಂದಿ ಸೇರ್ಕೊಂಡುಬಿಡ್ತಾನೆ. ಬೆಳಿಗ್ಗೆ ಮಾಡೋಣ. ಈ ತಿಂಗಳು ಸೂರ್ಯ ಏಳೋದು ಆರೂ ಮುಕ್ಕಾಲಿನ ಹತ್ರ, ಅಲ್ಲಿಂದ ಎಂಟೂವರೆವರೆಗೂ ನಿಮ್ಮ ಜಗಲಿ ಮೇಲೆ ಮೆತ್ತಗಿನ ಬೆಳಕಿರುತ್ತೆ. ಅವತ್ತು ಒಂದು ದಿನ ಮುದ್ದೆ ಬೆಳಿಗ್ಗೆನೇ ತೊಳಸಿ, ಹಿಂದಿನ ರಾತ್ರಿ ಕರಿಯನಿಗೆ ಒಂದು ತುತ್ತು ಕಮ್ಮಿ ಹಾಕಿ. ನಾನು ಹಿಂದಿನ ದಿನ ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು ಸುಮ್ಮನೆ ಬಂದು ಕೂತು ಹೋಗ್ತೀನಿ, ಅವನು ಅದನ್ನ ಮೂಸಿ ನೋಡಿ ಸಾಕಾಗಲಿ. ಮಗನಿಗೆ ಇವತ್ತೇ ಫೋನ್ ಮಾಡಿ, ಕರಿಯನ ಕತ್ತಿಗೆ ಅಂತ ಕೆಂಪು ಬೋ ಗೀಬೋ ತರೋದು ಬೇಡ, ಅಜ್ಜಿಗೆ ಒಂದು ಬೆಚ್ಚನೆ ಶಾಲು ತರಲಿ ಅಂತ ಹೇಳಿ.